ಹೊಗೆಸೊಪ್ಪಿನ ನಂಜಿನೊಳಗೆ ಇಣುಕಿ ನೋಡಿದ ರೋಸಲಿಂಡ್ ಫ್ರಾಂಕ್ಲಿನ್



ಈ ಸಲದ ಗೋಡೆ ಪತ್ರಿಕೆಯಲ್ಲಿ ವಿಜ್ಞಾನಿಗಳ ಜೀವನ ಬರೆಯುವ ಸರದಿ ನನ್ನದು. ಮೇಡಂ ಕ್ಯೂರಿ ಆಯ್ತು, ಸಿ.ವಿ. ರಾಮನ್ ಆಯ್ತು, ನಾನು ಯಾರನ್ನು ಬರೀಲಿ ಅಂತ ಯೋಚಿಸ್ತಾ ಇದ್ದೆ. ಅಷ್ಟರಲ್ಲಿ ನಮ್ಮ ಮನೆಯ ಹೊಗೆಸೊಪ್ಪಿನ ಸಸಿ ಮಡಿಗೆ ರೋಗ ಬಂತು. ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ತೇಪೆ ಹಾಕಿದ ಹಾಗೆ. ಅಪ್ಪ ಒಂದು ಮಡಿಯ ಸಸಿಗಳನ್ನು ಪೂರ್ತಿ ಕಿತ್ತು ದೂರ ಹಾಕಿದರು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಹುಣಸೂರು ಸೀಮೆಯವರಿಗೆ ಸಸಿ ಹೋದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮೊಸಾಯಿಕ್ ಎಂಬ ನಂಜುರೋಗ ಅಂದರು. ನಂಜು ಅಂದರೆ ಏನು, ಅದು ಹೇಗಿರುತ್ತೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅದರ ಒಳಗೆ ಏನಿದೆ ಅಂತ ಲಂಡನ್ನಿನಲ್ಲಿ ಒಬ್ಬ ಹೆಂಗಸು ಕಂಡುಹಿಡಿದರು, ಅವರ ಬಗ್ಗೆಯೇ ಬರಿ ಅಂದರು. ಆ ಹೆಂಗಸೇ ರೋಸಲಿಂಡ್ ಫ್ರಾಂಕ್ಲಿನ್.

ಇವರು 1920ನೇ ಇಸವಿ ಜುಲೈ 25ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಎಲ್ಲಿಸ್ ಫ್ರಾಂಕ್ಲಿನ್, ತಾಯಿ ಮ್ಯೂರಿಯಲ್. ಯಹೂದಿ ಮನೆತನ. ತಂದೆ ಬ್ಯಾಂಕಿನ ವ್ಯವಹಾರದವರು, ಅನುಕೂಲಸ್ಥರು. ಐದು ಜನ ಮಕ್ಕಳಲ್ಲಿ ಇವರು ಎರಡನೆಯವರು. ಜರ್ಮನಿಯಲ್ಲಿ ಹಿಟ್ಲರನ ಕಾಟ ತಡೆಯಲಾರದೆ ಓಡಿಬಂದ ಯಹೂದಿಗಳಿಗೆ ಇವರ ಮನೆಯವರು ತುಂಬ ಸಹಾಯ ಮಾಡಿದರು.

ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಇವರು ಓದಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಶಾಲೆಗಳು ಬಹಳ ಕಡಿಮೆ, ಅದರಲ್ಲಿ ಇದೂ ಒಂದು. 1938ರಲ್ಲಿ ಕೇಂಬ್ರಿಡ್ಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿ 1941ರಲ್ಲಿ ಓದು ಮುಗಿಸಿದರು. ಇಲ್ಲೊಂದು ವಿಷಯ ಕೇಳಿ. ಕೇಂಬ್ರಿಡ್ಜ್‌ನಲ್ಲಿ ಆಗ ಹೆಂಗಸರು ಅದೇ ಪರೀಕ್ಷೆ ಬರೆದು ಪಾಸಾದರೂ ಗಂಡಸರಿಗೆ ಕೊಡುವಂಥ ಪೂರ್ಣ ಪದವಿ ಕೊಡುತ್ತಿರಲಿಲ್ಲ. 1948ರಲ್ಲಿ ಕೊಡಲು ಶುರು ಮಾಡಿದರು. ಅಷ್ಟು ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಇಷ್ಟು ಸಣ್ಣ ಬುದ್ಧಿ ಯಾಕೆ ಅಂತ ನನಗೆ ಅನ್ನಿಸಿತು.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1942ರಲ್ಲಿ ಕಲ್ಲಿದ್ದಲಿನ ಸಂಶೋಧನಾ ಸಂಸ್ಥೆಗೆ ಸೇರಿದರು. ಕಲ್ಲಿದ್ದಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವು ಜರಡಿಯ ಹಾಗೆ ಕೆಲಸ ಮಾಡುತ್ತವೆ, ಸಣ್ಣ ಅಣುವನ್ನು ಒಳಗೆ ಬಿಡುತ್ತವೆ, ದೊಡ್ಡದನ್ನು ತಡೆಯುತ್ತವೆ ಎಂದು ಇವರು ತೋರಿಸಿದರು. ಜೊತೆಗೆ ಲಂಡನ್ನಿನಲ್ಲಿ ವಿಮಾನ ದಾಳಿ ಆಗುವಾಗ ಜನರನ್ನು ಎಚ್ಚರಿಸುವ ಸ್ವಯಂಸೇವಕಿಯಾಗಿಯೂ ಕೆಲಸ ಮಾಡಿದರು. 1945ರಲ್ಲಿ ಡಾಕ್ಟರೇಟ್ ಪದವಿ ಸಿಕ್ಕಿತು.

1947ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಜಾಕ್ ಮೆರಿಂಗ್ ಎಂಬ ವಿಜ್ಞಾನಿಯಿಂದ ಕ್ಷ-ಕಿರಣದಿಂದ ವಸ್ತುವಿನ ಒಳರಚನೆ ತಿಳಿಯುವ ವಿದ್ಯೆ ಕಲಿತರು. ಫ್ರೆಂಚ್ ಭಾಷೆ ಚೆನ್ನಾಗಿ ಬರುತ್ತಿತ್ತು, ಬೆಟ್ಟ ಹತ್ತುವುದೆಂದರೆ ಪ್ರಾಣ. ಪ್ಯಾರಿಸ್ಸಿನ ಆ ವರ್ಷಗಳೇ ಅವರಿಗೆ ಬಹಳ ಸುಖದ ವರ್ಷಗಳಂತೆ.

ಈ ವಿದ್ಯೆ ಏನು ಅಂತ ತಿಳಿಯದಿದ್ದರೆ ಮುಂದಿನದು ಅರ್ಥ ಆಗಲ್ಲ. ಅದಕ್ಕೆ ಮೇಷ್ಟ್ರು ನಮಗೆ ಒಂದು ಆಟ ಹೇಳಿಕೊಟ್ಟರು. ರಾತ್ರಿ ದೂರದ ಬೀದಿ ದೀಪವನ್ನು ಛತ್ರಿ ಬಟ್ಟೆಯ ಮೂಲಕ ನೋಡಿ. ದೀಪ ಒಂದೇ ಇದ್ದರೂ ಸುತ್ತ ಸಾಲಾಗಿ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಬಟ್ಟೆಯ ನೂಲು ಎಷ್ಟು ಹತ್ತಿರ ಹತ್ತಿರ ಇದೆಯೋ ಅದರ ಮೇಲೆ ಚುಕ್ಕಿಗಳು ಎಷ್ಟು ದೂರ ಬೀಳುತ್ತವೆ ಅನ್ನುವುದು ನಿಂತಿದೆ. ಅಂದರೆ ಚುಕ್ಕಿ ನೋಡಿ ನೂಲಿನ ಲೆಕ್ಕ ಹೇಳಬಹುದು! ಅಣುಗಳು ತುಂಬಾ ಚಿಕ್ಕವು, ಅವಕ್ಕೆ ಸಾಮಾನ್ಯ ಬೆಳಕು ಸಾಲದು, ಕ್ಷ-ಕಿರಣ ಬೇಕು. ಕಿರಣ ಬಿಟ್ಟು, ಹಿಂದೆ ಫಿಲ್ಮು ಇಟ್ಟು, ಅದರ ಮೇಲೆ ಬಿದ್ದ ಚುಕ್ಕಿಗಳನ್ನು ಅಳೆದು, ಪುಟಗಟ್ಟಲೆ ಲೆಕ್ಕ ಮಾಡಿ ಅಣುಗಳು ಎಲ್ಲೆಲ್ಲಿವೆ ಅಂತ ಹೇಳಬೇಕು. ಚುಕ್ಕಿ ನೋಡಿ ಇಡೀ ರಂಗೋಲಿ ಊಹಿಸಿದ ಹಾಗೆ.

1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಅಲ್ಲಿ ಸಿಕ್ಕಿದ ಕೆಲಸ ಡಿ.ಎನ್.ಎ. ರಚನೆ ತಿಳಿಯುವುದು. ಡಿ.ಎನ್.ಎ. ಎಂದರೆ ನಮ್ಮ ಜೀವಕೋಶದಲ್ಲಿರುವ ವಂಶದ ದಾಖಲೆ. ನಮ್ಮ ಮೂಗು, ಕಣ್ಣು, ಮೈಬಣ್ಣ ಎಲ್ಲದರ ಸೂಚನೆ ಅದರಲ್ಲಿದೆ.

ಅಲ್ಲಿ ಮೊದಲ ದಿನದಿಂದಲೇ ತಾಪತ್ರಯ. ಇಲಾಖೆಯ ಮುಖ್ಯಸ್ಥರಾದ ರಾಂಡಲ್ ಅವರು ಈ ಕೆಲಸ ನಿಮ್ಮದೇ ಅನ್ನುವ ಹಾಗೆ ಫ್ರಾಂಕ್ಲಿನ್‌ಗೆ ಕಾಗದ ಬರೆದಿದ್ದರು. ಅದೇ ಕೆಲಸ ಮೊದಲಿನಿಂದ ಮಾಡುತ್ತಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಅದು ಸರಿಯಾಗಿ ತಿಳಿದಿರಲಿಲ್ಲ. ಇವರು ನನಗೆ ಸಹಾಯ ಮಾಡಲು ಬಂದವರು ಅಂದುಕೊಂಡರು. ಒಂದು ಹೊಲವನ್ನು ಇಬ್ಬರಿಗೂ ಗುತ್ತಿಗೆ ಕೊಟ್ಟ ಹಾಗಾಯ್ತು. ಇಬ್ಬರಿಗೂ ಮಾತು ಕಡಿಮೆಯಾಯಿತು. ತಪ್ಪು ಕಾಗದ ಬರೆದವರದು ಅಂತ ನನ್ನ ಅಭಿಪ್ರಾಯ.

ಆದರೂ ಕೆಲಸ ನಿಲ್ಲಲಿಲ್ಲ. ರೇಮಂಡ್ ಗಾಸ್ಲಿಂಗ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ ಡಿ.ಎನ್.ಎ. ಎಳೆಗೆ ಎರಡು ರೂಪ ಇದೆ ಅಂತ ಕಂಡುಹಿಡಿದರು. ಒಣಗಿದಾಗ ಒಂದು, ತೇವ ಇದ್ದಾಗ ಇನ್ನೊಂದು. ತೇವ ಆದರೆ ಎಳೆ ಉದ್ದವಾಗುತ್ತೆ. ಎರಡನ್ನೂ ಬೇರೆ ಮಾಡದೆ ಚಿತ್ರ ತೆಗೆದರೆ ಕಲಸುಮೇಲೋಗರ ಆಗುತ್ತಿತ್ತು. 1952ರ ಮೇ ತಿಂಗಳಲ್ಲಿ ತೇವದ ರೂಪದ ಒಂದು ಚಿತ್ರ ತೆಗೆದರು. 60 ಗಂಟೆಗೂ ಹೆಚ್ಚು ಹೊತ್ತು ಕಿರಣ ಬಿಟ್ಟು ತೆಗೆದ ಚಿತ್ರ ಅದು. ಅದರ ಸಂಖ್ಯೆ 51. ನಡುವೆ ಗುಣಿಸು ಚಿಹ್ನೆಯ ಹಾಗೆ ಚುಕ್ಕಿಗಳು. ಹಾಗೆ ಬಂದರೆ ವಸ್ತು ಸುರುಳಿಯಾಕಾರ ಅಂತ ಅರ್ಥ.

ಕೇಂಬ್ರಿಡ್ಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬಿಬ್ಬರು ಇದೇ ಡಿ.ಎನ್.ಎ. ಮಾದರಿ ಕಟ್ಟುತ್ತಿದ್ದರು. 1951ರ ಕೊನೆಯಲ್ಲಿ ಒಂದು ಕಟ್ಟಿದ್ದರು. ಫ್ರಾಂಕ್ಲಿನ್ ಹೋಗಿ ನೋಡಿ, ಇದು ತಪ್ಪು, ನೀರಿನ ಲೆಕ್ಕ ಸರಿಯಿಲ್ಲ, ಫಾಸ್ಫೇಟು ಹೊರಗಡೆ ಇರಬೇಕು ಎಂದು ತೋರಿಸಿ ಬಂದಿದ್ದರು. 1953ರ ಜನವರಿ 30ರಂದು ವಾಟ್ಸನ್ ಲಂಡನ್ನಿಗೆ ಬಂದಾಗ ವಿಲ್ಕಿನ್ಸ್ ಅವರಿಗೆ ಆ 51ನೇ ಚಿತ್ರ ತೋರಿಸಿದರು. ಫ್ರಾಂಕ್ಲಿನ್ ಅವರನ್ನು ಕೇಳಲಿಲ್ಲ. ಅವರ ಅಳತೆಗಳಿದ್ದ ಒಂದು ವರದಿಯೂ ಬೇರೆ ದಾರಿಯಿಂದ ಕೇಂಬ್ರಿಡ್ಜ್ ಸೇರಿತು. 1953ರ ಏಪ್ರಿಲ್ 25ರಂದು ನೇಚರ್ ಎಂಬ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಬಂದವು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರ ಜೋಡಿ ಸುರುಳಿ. ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು ಮೂರನೆಯದು, ಹಾಗಾಗಿ ಓದಿದವರಿಗೆ ಅದು ಮೊದಲನೆಯದಕ್ಕೆ ಸಾಕ್ಷಿ ಹೇಳಿದ ಹಾಗೆ ಕಂಡಿತು.

ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾಕೆಂದರೆ ಒಂದು ಸಲ ವಸ್ತು ಪ್ರದರ್ಶನಕ್ಕೆ ನಾನು ನಾಲ್ಕು ದಿನ ಕೂತು ಮಾಡಿದ ನಕ್ಷೆಯ ಕೆಳಗೆ ಬೇರೆಯವರ ಹೆಸರು ಬರೆದಿದ್ದರು. ಯಾರು ಅಂತ ಹೇಳಲ್ಲ. ಅದೇ ಸಿಟ್ಟಿನಲ್ಲಿ ಈ ಲೇಖನವನ್ನು ಕಳ್ಳತನದ ಕಥೆ ಅಂತಲೇ ಬರೆದು ಮೇಷ್ಟ್ರಿಗೆ ಕೊಟ್ಟೆ. ಅವರು ಓದಿ, ಚಿತ್ರ ವಿಲ್ಕಿನ್ಸ್ ಕೈಗೆ ಬಂದಿದ್ದು ಕದ್ದು ಅಲ್ಲ, ಗಾಸ್ಲಿಂಗ್ ಅವರೇ ಕೊಟ್ಟಿದ್ದು, ಫ್ರಾಂಕ್ಲಿನ್ ಆಗ ಆ ಕಾಲೇಜು ಬಿಡುವವರಿದ್ದರು ಅಂತ ತಿಳಿಸಿದರು. ಆದರೆ ಅವರ ಕೆಲಸವನ್ನು ಅವರಿಗೆ ತಿಳಿಸದೆ ಉಪಯೋಗಿಸಿದ್ದು ಸರಿಯಲ್ಲ ಅಂತಲೂ ಹೇಳಿದರು. ಆಮೇಲೆ ನನ್ನ ಹಾಳೆ ತಿರುಗಿಸಿ, ಇದರಲ್ಲಿ ಆಯಮ್ಮ ಏನು ಕಳಕೊಂಡರು ಅಂತ ಮಾತ್ರ ಬರೆದಿದ್ದೀಯ, ಏನು ಮಾಡಿದರು ಅನ್ನುವುದು ಎಲ್ಲಿ ಎಂದರು. 1953ರ ಮುಂದಿನ ಐದು ವರ್ಷ ನಾನು ಮೂರೇ ಸಾಲಿನಲ್ಲಿ ಮುಗಿಸಿದ್ದೆ. ನಮ್ಮ ಹೊಗೆಸೊಪ್ಪಿನ ವಿಷಯ ಇರುವುದೇ ಆ ಐದು ವರ್ಷದಲ್ಲಿ!

1953ರ ಮಾರ್ಚಿಯಲ್ಲಿ ಫ್ರಾಂಕ್ಲಿನ್ ಲಂಡನ್ನಿನ ಇನ್ನೊಂದು ಕಾಲೇಜು ಬರ್ಕ್‌ಬೆಕ್‌ಗೆ ಸೇರಿದರು. ಡಿ.ಎನ್.ಎ. ಕೆಲಸವನ್ನು ಅಲ್ಲೇ ಬಿಟ್ಟು ಹೋಗಬೇಕು ಅಂತ ರಾಂಡಲ್ ಹೇಳಿದ್ದರು. ಬರ್ಕ್‌ಬೆಕ್‌ನ ಪ್ರಯೋಗಾಲಯ ಹಳೇ ಮನೆಯೊಂದರಲ್ಲಿತ್ತು. ಇವರ ಮೇಜು ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ, ಕ್ಷ-ಕಿರಣದ ಯಂತ್ರ ಎಲ್ಲಕ್ಕಿಂತ ಕೆಳಗಿನ ನೆಲಮಾಳಿಗೆಯಲ್ಲಿ. ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದರೋ! ಅಲ್ಲಿಯ ಮುಖ್ಯಸ್ಥರು ಜೆ.ಡಿ. ಬರ್ನಾಲ್. ಅವರು ಕೊಟ್ಟ ಕೆಲಸ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್.

ವೈರಸ್ ಅಂತ ಒಂದಿದೆ ಎಂದು ಲೋಕಕ್ಕೆ ಗೊತ್ತಾಗಿದ್ದೇ ಈ ರೋಗದಿಂದ. 1892ರಲ್ಲಿ ಇವಾನೊವ್‌ಸ್ಕಿ ಎಂಬುವರು ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯ ಕೂಡ ದಾಟದ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ಗಿಡಕ್ಕೆ ರೋಗ ತಂದಿತು. 1935ರಲ್ಲಿ ಸ್ಟಾನ್ಲಿ ಎಂಬುವರು ಅದನ್ನು ಹರಳಿನ ಹಾಗೆ ಮಾಡಿ ತೋರಿಸಿದರು. ಆಮೇಲೆ ಅದರಲ್ಲಿರುವುದು ಎರಡೇ ವಸ್ತು ಅಂತ ಗೊತ್ತಾಯ್ತು: ಹೆಚ್ಚು ಪಾಲು ಪ್ರೋಟೀನು, ಸ್ವಲ್ಪ ಆರ್.ಎನ್.ಎ.

ಆರ್.ಎನ್.ಎ. ಅಂದರೆ ಏನು? ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಮೂಲ ಇರುತ್ತೆ, ಅದನ್ನು ಯಾರಿಗೂ ಹೊರಗೆ ಕೊಡಲ್ಲ, ನಕಲು ತೆಗೆದು ಕೊಡ್ತಾರೆ. ಹಾಗೆ ನಮ್ಮ ಜೀವಕೋಶದಲ್ಲಿ ಡಿ.ಎನ್.ಎ. ಮೂಲ ದಾಖಲೆ, ಆರ್.ಎನ್.ಎ. ಅದರ ನಕಲು. ಆ ನಕಲು ನೋಡಿ ಪ್ರೋಟೀನು ತಯಾರಾಗುತ್ತೆ. ಆದರೆ ಹೊಗೆಸೊಪ್ಪಿನ ವೈರಸ್‌ನಲ್ಲಿ ಡಿ.ಎನ್.ಎ. ಇಲ್ಲವೇ ಇಲ್ಲ, ಆರ್.ಎನ್.ಎ.ಯೇ ಮೂಲ. 1956ರಲ್ಲಿ ಜರ್ಮನಿಯವರು ಪ್ರೋಟೀನು ತೆಗೆದುಹಾಕಿ ಬರೀ ಆರ್.ಎನ್.ಎ. ಎಲೆಗೆ ಹಚ್ಚಿದರು, ಅದಕ್ಕೂ ರೋಗ ಬಂತು. ಹಾಗಾದರೆ ನಂಜು ಇರುವುದು ಆರ್.ಎನ್.ಎ.ಯಲ್ಲಿ. ಅದು ವೈರಸ್ಸಿನ ಒಳಗೆ ಎಲ್ಲಿ ಕೂತಿದೆ? ನಡುವೆ ದಾರದ ಹಾಗಾ, ಹೊರಗೆ ಸುತ್ತಿದೆಯಾ? ಇದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಫ್ರಾಂಕ್ಲಿನ್ ಇದನ್ನು ಬಿಡಿಸಿದ ರೀತಿ ನನಗೆ ತುಂಬ ಇಷ್ಟವಾಯಿತು. ಮಕ್ಕಳ ಪುಸ್ತಕದಲ್ಲಿ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕಿ ಅಂತ ಬರುತ್ತಲ್ಲ, ಅದೇ ಆಟ. ಈ ವೈರಸ್ಸಿನ ಪ್ರೋಟೀನುಗಳು ಆರ್.ಎನ್.ಎ. ಇಲ್ಲದಿದ್ದರೂ ತಾವೇ ಒಂದರ ಮೇಲೊಂದು ಕೂತು ಅದೇ ಥರದ ಕೋಲು ಆಗುತ್ತವೆ. ಆದ್ದರಿಂದ ಪೂರ್ತಿ ವೈರಸ್ಸಿನ ಕ್ಷ-ಕಿರಣ ಚಿತ್ರ ಒಂದು, ಬರೀ ಪ್ರೋಟೀನಿನ ಕೋಲಿನ ಚಿತ್ರ ಒಂದು, ಎರಡನ್ನೂ ತೆಗೆದು ಹೋಲಿಸಿದರು. ಅಮೆರಿಕದಲ್ಲಿ ಡೊನಾಲ್ಡ್ ಕ್ಯಾಸ್ಪರ್ ಎಂಬುವರೂ ಈ ವೈರಸ್ಸನ್ನು ಅಳೆಯುತ್ತಿದ್ದರು. ಕೋಲಿನ ಮಧ್ಯದಿಂದ 4 ನ್ಯಾನೋಮೀಟರ್ ದೂರದಲ್ಲಿ ಏನೋ ದಟ್ಟವಾದದ್ದು ಇದೆ ಅಂತ ಅವರಿಗೆ ಕಂಡಿತ್ತು. ಆರ್.ಎನ್.ಎ. ಇಲ್ಲದ ಕೋಲಿನಲ್ಲಿ ಅದೇ ಜಾಗದಲ್ಲಿ ಆ ದಟ್ಟವಾದದ್ದು ಇಲ್ಲ ಅಂತ ಫ್ರಾಂಕ್ಲಿನ್ ತೋರಿಸಿದರು. ಅಂದಮೇಲೆ ಆರ್.ಎನ್.ಎ. ಇರುವುದು ಅಲ್ಲೇ! 1956ರಲ್ಲಿ ನೇಚರ್ ಪತ್ರಿಕೆಯಲ್ಲಿ ಇಬ್ಬರ ಲೇಖನಗಳೂ ಒಟ್ಟಿಗೆ ಬಂದವು. ಈ ಸಲ ಒಬ್ಬರಿಗೆ ತಿಳಿಸದೆ ಇನ್ನೊಬ್ಬರು ಏನೂ ಮಾಡಲಿಲ್ಲ.

ನಾನು ಇದನ್ನು ಅಮ್ಮ ಹೂ ಕಟ್ಟುವಾಗ ಅರ್ಥ ಮಾಡಿಕೊಂಡೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಕನಕಾಂಬರದ ಸರ ತೆಗೆದುಕೊಳ್ಳಿ. ಅದನ್ನು ಒಂದು ಪೆನ್ಸಿಲ್ಲಿಗೆ ಸಂದಿಯಿಲ್ಲದ ಹಾಗೆ ಬಿಗಿಯಾಗಿ ಸುತ್ತಿ. ಆಮೇಲೆ ಮೆಲ್ಲಗೆ ಪೆನ್ಸಿಲ್ ಎಳೆದುಬಿಡಿ. ನಡುವೆ ಟೊಳ್ಳು ಉಳಿಯುತ್ತೆ. ಹೂವು ಪ್ರೋಟೀನು, ಬಾಳೆನಾರು ಆರ್.ಎನ್.ಎ. ನಾರು ಟೊಳ್ಳಿನಲ್ಲೂ ಇಲ್ಲ, ಹೊರಗೂ ಕಾಣಲ್ಲ, ಹೂವುಗಳ ಒಳಗೇ ಸುತ್ತು ಸುತ್ತಿಕೊಂಡು ಹೋಗಿದೆ. ವೈರಸ್ಸು ಹಾಗೇ ಇದೆ. ಒಂದೇ ವ್ಯತ್ಯಾಸ, ನಾರು ತೆಗೆದರೆ ನಮ್ಮ ಹೂವು ಚೆಲ್ಲಿಹೋಗುತ್ತೆ, ಪ್ರೋಟೀನು ಹೋಗಲ್ಲ.

ಈಗ ಲೆಕ್ಕ ನೋಡಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ವೈರಸ್ಸಿನ ಕೋಲು 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪ. ಒಂದು ಮಿಲಿಮೀಟರ್ ಗೆರೆಯಲ್ಲಿ ತುದಿಗೆ ತುದಿ ಸೇರಿಸಿ ಮೂರು ಸಾವಿರಕ್ಕೂ ಹೆಚ್ಚು ಇಡಬಹುದು. ಮೂರು ಸುತ್ತಿಗೆ 49 ಪ್ರೋಟೀನುಗಳು ಎಂದು ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಕೆನೆತ್ ಹೋಮ್ಸ್ ಲೆಕ್ಕ ಹಾಕಿದರು. ಇಡೀ ಕೋಲಿನಲ್ಲಿ ಸುಮಾರು 2130 ಪ್ರೋಟೀನುಗಳಿವೆ, ಎಲ್ಲವೂ ಒಂದೇ ಥರ. ಒಂದೊಂದು ಪ್ರೋಟೀನೂ ಆರ್.ಎನ್.ಎ.ಯ ಮೂರು ಮೂರು ಅಕ್ಷರಗಳನ್ನು ಹಿಡಿದುಕೊಂಡಿದೆ. 2130ನ್ನು ಮೂರರಿಂದ ಗುಣಿಸಿ, 6390. ಆರ್.ಎನ್.ಎ.ಯಲ್ಲಿರುವ ಅಕ್ಷರಗಳು ಸುಮಾರು 6400! ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಮಾಡಿ ನೋಡಿದೆ, ಸರಿಯಾಗಿದೆ.

ಆರ್.ಎನ್.ಎ. ಮತ್ತು ಪ್ರೋಟೀನು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಅಂತ ಕಣ್ಣಿಗೆ ಕಟ್ಟುವ ಹಾಗೆ ಮೊದಲಿಗೆ ತೋರಿಸಿದವರಲ್ಲಿ ಫ್ರಾಂಕ್ಲಿನ್ ಒಬ್ಬರು. ಇದರಿಂದೇನು ಅಂತ ಕೇಳಬಹುದು. ಕಚೇರಿಯಲ್ಲಿ ಯಾವ ಪುಟದ ನಕಲು ತೆಗೆಯಬೇಕು, ಎಷ್ಟು ತೆಗೆಯಬೇಕು ಅಂತ ಯಾರಾದರೂ ಹೇಳಬೇಕಲ್ಲ? ಜೀವಕೋಶದಲ್ಲಿ ಆ ಕೆಲಸ ಪ್ರೋಟೀನುಗಳದ್ದು. ಕೆಲವು ಕಡೆ ಆರ್.ಎನ್.ಎ.ಯೂ ಪ್ರೋಟೀನೂ ಕೂಡಿ ಅದನ್ನು ಮಾಡುತ್ತವೆ. ಏಡ್ಸ್ ರೋಗದ ವೈರಸ್ಸಿನಲ್ಲಿ ಟ್ಯಾಟ್ ಎಂಬ ಒಂದು ಪುಟ್ಟ ಪ್ರೋಟೀನಿದೆ. ಅದು ಆರ್.ಎನ್.ಎ.ಯ ಒಂದು ಕೊಕ್ಕೆಯಂಥ ಬಾಗನ್ನು ಹಿಡಿದುಕೊಂಡರೆ ನಕಲು ತೆಗೆಯುವ ಕೆಲಸ ಅರ್ಧಕ್ಕೆ ನಿಲ್ಲದೆ ಪೂರ್ತಿ ನಡೆಯುತ್ತೆ. ಆ ಹಿಡಿತವನ್ನು ಬಿಡಿಸುವ ಮದ್ದು ಬೇಕಾದರೆ ಮೊದಲು ಅದರ ಆಕಾರ ತಿಳಿದಿರಬೇಕು. ಇದು ಮೇಷ್ಟ್ರು ಹೇಳಿದ್ದು, ನನಗೆ ಪೂರ್ತಿ ಅರ್ಥ ಆಗಿಲ್ಲ, ಹತ್ತನೇ ತರಗತಿ ಅಕ್ಕಂದಿರನ್ನು ಕೇಳಿ.

ಇನ್ನೊಂದು ಸಂಗತಿ. 1955ರಲ್ಲಿ ಫ್ರಾಂಕ್ಲಿನ್ ಈ ವೈರಸ್ಸಿನ ಕೋಲುಗಳೆಲ್ಲ ಒಂದೇ ಉದ್ದ ಇರುತ್ತವೆ ಎಂದು ಬರೆದರು. ಗಿಡದ ವೈರಸ್ಸಿನಲ್ಲಿ ದೊಡ್ಡ ಹೆಸರಾಗಿದ್ದ ನಾರ್ಮನ್ ಪಿರೀ ಎಂಬ ಹಿರಿಯರು ಅದು ಸರಿಯಲ್ಲ ಅಂತ ಬೇಸರ ಮಾಡಿಕೊಂಡರು. ದೊಡ್ಡವರಿಗೆ ಬೇಸರ ಆಯ್ತು ಅಂತ ಇವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವರು ಬರೆದದ್ದೇ ಸರಿ ಅಂತ ಆಮೇಲೆ ಎಲ್ಲರೂ ಒಪ್ಪಿದರು. ಸಂಶೋಧನೆಗೆ ಹಣ ಸಿಗುವುದೂ ಸುಲಭವಿರಲಿಲ್ಲ. 1957ರಲ್ಲಿ ಅಮೆರಿಕದ ಸರ್ಕಾರದ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಬರ್ಕ್‌ಬೆಕ್‌ನಲ್ಲಿ ಆರನ್ ಕ್ಲುಗ್ ಎಂಬ ಒಳ್ಳೇ ಜೊತೆಗಾರರು ಸಿಕ್ಕಿದ್ದರು. ಕಿಂಗ್ಸ್‌ನಲ್ಲಿ ಯಾರ ಜೊತೆಗೂ ಹೊಂದಿಕೊಳ್ಳಲ್ಲ ಅನ್ನಿಸಿಕೊಂಡವರು ಇಲ್ಲಿ ಎಲ್ಲರ ಜೊತೆ ಚೆನ್ನಾಗಿದ್ದರು.

1956ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ಇವರಿಗೆ ಆರೋಗ್ಯ ಕೆಟ್ಟಿತು. ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯ್ತು. ಶಸ್ತ್ರಚಿಕಿತ್ಸೆಯಾಯಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಪ್ರಯೋಗಾಲಯಕ್ಕೆ ಬಂದರು. ಆ ವರ್ಷ ಮತ್ತು ಮುಂದಿನ ವರ್ಷ ಇವರ ಗುಂಪಿನಿಂದ 13 ಲೇಖನಗಳು ಪ್ರಕಟವಾದವು. ಮಕ್ಕಳನ್ನು ಕುಂಟರನ್ನಾಗಿ ಮಾಡುವ ಪೋಲಿಯೋ ವೈರಸ್ಸಿನ ಕೆಲಸವನ್ನೂ ಆಗಲೇ ಶುರು ಮಾಡಿದರು. ಅದರಲ್ಲೂ ಇರುವುದು ಆರ್.ಎನ್.ಎ. ಮತ್ತು ಪ್ರೋಟೀನೇ.

1958ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ದೊಡ್ಡ ವಿಶ್ವ ವಸ್ತು ಪ್ರದರ್ಶನ ನಡೆಯುವುದಿತ್ತು. ಅಲ್ಲಿಗೆ ಹೊಗೆಸೊಪ್ಪಿನ ವೈರಸ್ಸಿನ ಮಾದರಿ ಮಾಡಿಕೊಡಿ ಅಂತ ಇವರನ್ನು ಕೇಳಿದ್ದರು. ಟೇಬಲ್ ಟೆನ್ನಿಸ್ ಚೆಂಡು, ಸೈಕಲ್ ಹ್ಯಾಂಡಲಿನ ಪ್ಲಾಸ್ಟಿಕ್ ಹಿಡಿ ಇಂಥವನ್ನೆಲ್ಲ ಜೋಡಿಸಿ ಮಾದರಿ ಮಾಡುತ್ತಿದ್ದರು. ನಮ್ಮ ಹಾಗೆಯೇ! ಪ್ರದರ್ಶನಕ್ಕೆ ಐದು ಅಡಿ ಎತ್ತರದ ಮಾದರಿ ತಯಾರಾಯಿತು. 1958ರ ಏಪ್ರಿಲ್ 17ರಂದು ಪ್ರದರ್ಶನ ಶುರುವಾಯಿತು. ಅದರ ಹಿಂದಿನ ದಿನ, ಏಪ್ರಿಲ್ 16ರಂದು, ಫ್ರಾಂಕ್ಲಿನ್ ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 37. ನಮ್ಮ ಅಮ್ಮನಿಗೂ ಈಗ ಅಷ್ಟೇ ವಯಸ್ಸು.

1962ರಲ್ಲಿ ವಾಟ್ಸನ್, ಕ್ರಿಕ್ ಮತ್ತು ವಿಲ್ಕಿನ್ಸ್ ಅವರಿಗೆ ನೊಬೆಲ್ ಬಹುಮಾನ ಬಂತು. ತೀರಿಕೊಂಡವರಿಗೆ ಆ ಬಹುಮಾನ ಕೊಡುವುದಿಲ್ಲ. 1968ರಲ್ಲಿ ವಾಟ್ಸನ್ ಒಂದು ಪುಸ್ತಕ ಬರೆದು ಅದರಲ್ಲಿ ಇವರನ್ನು ಸಿಡುಕಿನ ಹೆಂಗಸು ಅನ್ನುವ ಹಾಗೆ ಚಿತ್ರಿಸಿದರು. ಉತ್ತರ ಕೊಡಲು ಇವರು ಇರಲಿಲ್ಲ. ಅದನ್ನು ಓದಿ ಬೇಜಾರಾದ ಸ್ನೇಹಿತೆ ಆ್ಯನ್ ಸೇಯರ್ 1975ರಲ್ಲಿ ಇವರ ಜೀವನ ಚರಿತ್ರೆ ಬರೆದರು. ಕ್ಲುಗ್ ಮತ್ತು ಜಾನ್ ಫಿಂಚ್ ಪೋಲಿಯೋ ಕೆಲಸ ಮುಂದುವರಿಸಿ, 1959ರಲ್ಲಿ ಬಂದ ಲೇಖನವನ್ನು ಇವರ ನೆನಪಿಗೆ ಅರ್ಪಿಸಿದರು. 1982ರಲ್ಲಿ ಕ್ಲುಗ್ ಅವರಿಗೆ ನೊಬೆಲ್ ಬಂತು. ಪ್ರೋಟೀನು ಮತ್ತು ನ್ಯೂಕ್ಲಿಯಿಕ್ ಆಮ್ಲ ಕೂಡಿಕೊಂಡಿರುವ ರಚನೆಗಳ ಕೆಲಸಕ್ಕೂ ಸೇರಿ ಬಂದ ಬಹುಮಾನ ಅದು. ಫ್ರಾಂಕ್ಲಿನ್ ಅವರ ಸಮಾಧಿಯ ಕಲ್ಲಿನ ಮೇಲೆ ಡಿ.ಎನ್.ಎ. ಹೆಸರೇ ಇಲ್ಲ, ವೈರಸ್‌ಗಳ ಸಂಶೋಧನೆಯಿಂದ ಮನುಷ್ಯರಿಗೆ ಉಪಕಾರವಾಯಿತು ಅನ್ನುವ ಅರ್ಥದ ಮಾತಿದೆ.

ಕೊನೆಗೆ ನಮ್ಮ ಮಡಿಯ ವಿಷಯ. ಈ ನಂಜಿಗೆ ಈಗಲೂ ಔಷಧಿ ಇಲ್ಲ. ಗಿಡಕ್ಕೆ ಬಂದಮೇಲೆ ಕಿತ್ತು ಹಾಕುವುದೊಂದೇ ದಾರಿ. ಆ ಪ್ರೋಟೀನಿನ ಕವಚ ಎಷ್ಟು ಗಟ್ಟಿ ಅಂದರೆ ಒಣಗಿದ ಸೊಪ್ಪಿನಲ್ಲೂ ವೈರಸ್ ವರ್ಷಗಟ್ಟಲೆ ಹಾಗೇ ಇರುತ್ತೆ. ಬೀಡಿ ಸೇದಿದ ಕೈ, ಕಡ್ಡಿಪುಡಿ ಮುಟ್ಟಿದ ಕೈಯಿಂದ ಸಸಿ ಮುಟ್ಟಿದರೆ ಅಂಟಿಕೊಳ್ಳಬಹುದು. ಟೊಮೇಟೊ, ಮೆಣಸಿನ ಗಿಡಕ್ಕೂ ಬರುತ್ತೆ. ನಮ್ಮಜ್ಜಿ ಕಡ್ಡಿಪುಡಿ ತಿಕ್ಕಿದ ಕೈಯಲ್ಲೇ ಹಿತ್ತಲಿನ ಟೊಮೇಟೊ ಗಿಡ ಸವರುತ್ತಾಳೆ. ಸೋಪು ಹಾಕಿ ಕೈ ತೊಳಿ ಅಜ್ಜಿ ಅಂದರೆ ನಗುತ್ತಾಳೆ. ಅಪ್ಪ ಮಾತ್ರ ಈಗ ಹೊಸ ಮಡಿಗೆ ಇಳಿಯುವ ಮುಂಚೆ ಬಾನಿಯ ಹತ್ತಿರ ಸೋಪು ಇಟ್ಟಿದ್ದಾರೆ.

ಕನಕಾಂಬರದ ಮಾದರಿಯನ್ನು ಶನಿವಾರ ಮಾಡಿ ಮೇಷ್ಟ್ರ ಮೇಜಿನ ಮೇಲಿಟ್ಟಿದ್ದೆ. ಸೋಮವಾರಕ್ಕೆ ಬಾಡಿಹೋಯಿತು. ಅದಕ್ಕೆ ಅದರ ಚಿತ್ರ ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ. ಕೆಂಪು ಗೆರೆ ಆರ್.ಎನ್.ಎ.